ಕೋಳಿ ಇಳಿಯುವವರೆಗೆ ಆಟೋ ಹೊರಡುವುದಿಲ್ಲ

ಚೊಚ್ಚಲ ಹೆರಿಗೆಗೆ ನಾನು ತವರಿಗೆ ಹೋಗಬೇಕಿತ್ತು. ಹೋಗಲಾಗಲಿಲ್ಲ. ಬದಲಿಗೆ ತವರಿನಿಂದ ಒಂದು ಕೋಳಿ ಬಂತು.

ಆದದ್ದಿಷ್ಟು. ಆಲೂರಿನ ಕಡೆ ಇರುವ ನನ್ನ ಅಮ್ಮ ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ಜಾರಿ ಬಿದ್ದು ಬಲಗೈ ಮುರಿದುಕೊಂಡಳು. ಕೈಗೆ ಪ್ಲಾಸ್ಟರ್ ಹಾಕಿಸಿಕೊಂಡವಳು ಬಾಣಂತನ ಹೇಗೆ ಮಾಡಿಯಾಳು? ನಾನು ಗಂಡನ ಮನೆಯಲ್ಲೇ ಉಳಿಯುವುದೆಂದು ಎರಡೂ ಕಡೆಯವರು ಮಾತಾಡಿಕೊಂಡರು. ಅಮ್ಮನಿಗೆ ಮಾತ್ರ ಮನಸ್ಸು ತಡೆಯಲಿಲ್ಲ. "ಬಾಣಂತಿಗೆ ಮನೇಲಿ ಸಾಕಿದ ಕೋಳಿ ಮೊಟ್ಟೇನೇ ಆಗ್ಬೇಕು. ಅಂಗ್ಡೀದು ಬ್ಯಾಡ" ಎಂದು ಫೋನಿನಲ್ಲಿ ಹಟ ಹಿಡಿದು, ಇನ್ನೂ ಮೊಟ್ಟೆಗೆ ಬಾರದ ಒಂದು ಎಳೆಯ ಕೆಂಪು ಹೇಂಟೆಯನ್ನು ನನ್ನ ಗಂಡನ ಕೈಯಲ್ಲಿ ಕಳಿಸಿಕೊಟ್ಟಳು.

ನಮ್ಮದು ಬೆಳಗೋಡಿನ ಹತ್ತಿರ, ರಸ್ತೆಯಿಂದ ಸ್ವಲ್ಪ ಒಳಗಿರುವ ಮನೆ. ಮುಂದೆ ಗದ್ದೆ, ಹಿಂದೆ ಒಂದಿಷ್ಟು ಕಾಫಿ. ನಮ್ಮನೆಯವರು ಆಟೋ ಓಡಿಸುತ್ತಾರೆ, ನಾನು ಮನೆಯಲ್ಲೇ ಕೂತು ಬ್ಲೌಸ್ ಹೊಲಿಯುತ್ತೇನೆ. ಇನ್ನುಳಿದವರು ಅತ್ತೆ, ಕೋಳಿಗಳು ಅವರ ಇಲಾಖೆ. ಅಲ್ಲಿ ಬೇರೆ ಯಾರೂ ಬಾಯಿ ಹಾಕುವಂತಿಲ್ಲ.

ಕೆಂಪು ಹೇಂಟೆ ಆಲೂರಿನಿಂದ ಬಂದದ್ದು ಆಟೋದ ಹಿಂದಿನ ಸೀಟಿನ ಬೆನ್ನಿಗಿರುವ ಸಾಮಾನು ಇಡುವ ಜಾಗದಲ್ಲಿ, ಗೋಣಿಚೀಲದ ಮೇಲೆ ಕೂತುಕೊಂಡು. ಅಂಗಳದಲ್ಲಿ ಇಳಿಸಿದಾಗ ಸುತ್ತ ಒಮ್ಮೆ ನೋಡಿತು. ನಮ್ಮ ಹಳೇ ಕೋಳಿಗಳು ಬಂದು ತಲೆಗೆರಡು ಕುಕ್ಕಿದವು. ಅದು ಹಾರಿ ಮತ್ತೆ ಆಟೋದೊಳಗೆ ಹೋಗಿ ಕೂತಿತು. ಅಂದಿನಿಂದ ಆಟೋ ಮನೆಯಲ್ಲಿದ್ದಾಗಲೆಲ್ಲ ಅದು ಅಲ್ಲಿಯೇ.

"ನಿಮ್ಮೂರಿನ ಕೋಳಿಗೆ ನೆಲದ ಮೇಲೆ ಓಡಾಡೋ ಅಭ್ಯಾಸ ಇಲ್ವೇನಮ್ಮಿ?" ಎಂದು ಅತ್ತೆ ನನ್ನನ್ನು ಕೇಳಿದರು. ಕೋಳಿಯ ತಪ್ಪೆಲ್ಲ ನನ್ನೂರಿನ ತಪ್ಪಾಗುವುದು ಅವತ್ತೇ ಶುರುವಾಯಿತು.

ಹೂಮಳೆ ಬಿದ್ದು ಕಾಫಿ ಗಿಡಗಳೆಲ್ಲ ಬೆಳ್ಳಗೆ ಅರಳಿದ ವಾರ, ಹೇಂಟೆಯ ಜುಟ್ಟು ಕೆಂಪೇರಿತು. ಗಂಟಲಲ್ಲೇ ಏನೋ ಗೊಣಗಿಕೊಂಡು ಮೂಲೆ ಮೂಲೆ ಹುಡುಕಲು ತೊಡಗಿತು. ಅತ್ತೆ ಪ್ರತಿದಿನ ಬೆಳಿಗ್ಗೆ ಗೂಡಿನ ಬಾಗಿಲು ತೆಗೆಯುವಾಗ ಕೋಳಿಗಳನ್ನು ಒಂದೊಂದಾಗಿ ಎತ್ತಿ, ಹಿಂದೆ ಬೆರಳಾಡಿಸಿ ನೋಡಿ, "ಇದಕ್ಕೈತೆ", "ಇದಕ್ಕಿಲ್ಲ" ಎಂದು ಹೇಳಿ ಬಿಡುತ್ತಿದ್ದರು. ಮೊಟ್ಟೆ ಇದ್ದದ್ದನ್ನು ಮಂಕರಿ ಮುಚ್ಚಿ ಇಡುವುದು, ಇಟ್ಟ ಮೇಲೆ ಬಿಡುವುದು ಅವರ ಪದ್ಧತಿ. ಒಂದು ಬೆಳಿಗ್ಗೆ ಆಟೋದಲ್ಲಿದ್ದ ಕೆಂಪಿನದನ್ನೂ ಎತ್ತಿ ಮುಟ್ಟಿ ನೋಡಿ, "ಇವತ್ತು ಐತೆ!" ಎಂದರು. ಅದಕ್ಕೆಂದೇ ಹಳೇ ಬುಟ್ಟಿಯಲ್ಲಿ ಬೂದಿ ಹರಡಿ, ಮೇಲೆ ಭತ್ತದ ಹುಲ್ಲು ಹಾಸಿ, ಪಡಸಾಲೆಯ ಮೂಲೆಯಲ್ಲಿ ಸಿದ್ಧ ಮಾಡಿದ್ದರು. ಹೇಂಟೆ ಬುಟ್ಟಿಯೊಳಗೆ ಇಣುಕಿತು, ಹುಲ್ಲನ್ನು ಒಮ್ಮೆ ಕೆದಕಿತು, ಆಮೇಲೆ ತಲೆಯೆತ್ತಿ ನಡೆದು ಹೋಗಿ ಆಟೋ ಹತ್ತಿತು.

ನಮ್ಮನೆಯವರು ಹಲ್ಲುಜ್ಜಿ ಬಂದು ಆಟೋ ತೆಗೆಯಲು ಹೋದರೆ ಹಿಂದೆ ಕೋಳಿ. ಎತ್ತಿ ಇಳಿಸಲು ಕೈ ಚಾಚಿದರು.

"ಮುಟ್ಬ್ಯಾಡ ಕಣೋ!" ಎಂದು ಅತ್ತೆ ಬಚ್ಚಲಿನಿಂದಲೇ ಕೂಗಿದರು. "ಮೊದ್ಲ ಮೊಟ್ಟೆ ಅದು. ಈಗ ಬೆದರಿಸ್ಬುಟ್ರೆ ನಾಳೆಯಿಂದ ಕಾಫಿ ಗಿಡದ ಬುಡದಲ್ಲಿ ಇಡ್ತದೆ. ಆಮೇಲೆ ಎಲ್ಲಾ ಮುಂಗುಸಿ ಪಾಲು."

"ಅವ್ವಾ, ಸ್ಟ್ಯಾಂಡಲ್ಲಿ ಜನ ಕಾಯ್ತಾ ಇರ್ತಾರೆ."

"ಕಾಯ್ಲಿ. ಬಸ್ಸಿಗೆ ಕಾಯಲ್ವಾ? ನಿನ್ ಹೆಂಡ್ತಿ ಬಾಣಂತನಕ್ಕೆ ಬಂದಿರೋ ಮೊಟ್ಟೆ ಅದು."

ನನ್ನ ಬಾಣಂತನದ ಮಾತು ಬಂದ ಮೇಲೆ ಅವರು ಒಳಗೆ ಬಂದು ತಿಂಡಿಗೆ ಕೂತರು. ತಿಂಡಿ ತಿಂದು ಮುಗಿಸುವಷ್ಟರಲ್ಲಿ ಆಟೋದಿಂದ ಕೊಕ್ಕೊಕ್ಕೋ ಎಂದು ದೊಡ್ಡ ಗದ್ದಲ ಎದ್ದಿತು. ಅತ್ತೆ ಓಡಿಹೋಗಿ ಪುಟ್ಟ ಮೊಟ್ಟೆಯೊಂದನ್ನು ಎತ್ತಿಕೊಂಡು ಬಂದು ನನ್ನ ಕೆನ್ನೆಗೆ ಒತ್ತಿದರು. ಬೆಚ್ಚಗಿತ್ತು. ಆ ದಿನ ಮನೆಯಲ್ಲಿ ಎಲ್ಲರಿಗೂ ಸಂತೋಷ.

ಮರುದಿನ ಇನ್ನಷ್ಟು ತಡವಾಯಿತು. ಅದರ ಮರುದಿನ ಇನ್ನೂ ತಡ. ಅಲ್ಲಿಂದ ನಮ್ಮನೆಯವರ ಪಾಡು ಶುರುವಾಯಿತು.

ಅವರ ಆಟೋಗೆ ದಿನಾ ಬೆಳಿಗ್ಗೆ ಬೆಳಗೋಡಿನಿಂದ ಸಕಲೇಶಪುರಕ್ಕೆ ಹೋಗುವ ಇಬ್ಬರು ಖಾಯಂ ಗಿರಾಕಿಗಳಿದ್ದರು. ಒಬ್ಬರು ಪಟ್ಟಣದ ಒಂದು ಆಫೀಸಿನಲ್ಲಿ ಕೆಲಸ ಮಾಡುವ ಮೇಡಂ. ಇನ್ನೊಬ್ಬರು ಎಸ್ಟೇಟೊಂದರಲ್ಲಿ ಆಳುಗಳ ಲೆಕ್ಕ ಬರೆಯುವ ರೈಟರ್ ಆಗಿ ನಿವೃತ್ತರಾದವರು. ಇವರಿಗೆ ಪಟ್ಟಣದಲ್ಲಿ ಯಾವ ಕೆಲಸವೂ ಇರಲಿಲ್ಲ. ಆದರೂ ದಿನಾ ಇಸ್ತ್ರಿ ಶರ್ಟು ಹಾಕಿಕೊಂಡು ಹೋಗಿ, ಕಾಫಿ ರೇಟು ವಿಚಾರಿಸಿ, ಪರಿಚಯದವರನ್ನೆಲ್ಲ ಮಾತಾಡಿಸಿ ಮಧ್ಯಾಹ್ನದ ಬಸ್ಸಿಗೆ ಬರುತ್ತಿದ್ದರು. ಹೋಗುವಾಗ ಮಾತ್ರ ಅವರಿಗೆ ಆಟೋವೇ ಆಗಬೇಕು.

ಸ್ಟ್ಯಾಂಡಿನಲ್ಲಿ ಕಾದು ಸಾಕಾಗಿ ಇಬ್ಬರೂ ಒಂದು ದಿನ ನಡೆದುಕೊಂಡು ನಮ್ಮ ಅಂಗಳಕ್ಕೇ ಬಂದರು. ವಿಷಯ ತಿಳಿದು ಮೇಡಂ ಹಣೆ ಚಚ್ಚಿಕೊಂಡರು. ರೈಟರ್ ಮಾತ್ರ ಆಟೋದ ಹಿಂದೆ ಬಗ್ಗಿ ಕೋಳಿಯನ್ನು ಗಂಭೀರವಾಗಿ ನೋಡಿ, "ಇದಕ್ಕೆ ಶಿಸ್ತು ಇಲ್ಲ ಕಣಯ್ಯ. ಎಸ್ಟೇಟಿನ ಲೈನ್‌ಮನೆ ಆಳುಗಳ್ನೆಲ್ಲ ಹೊತ್ತಿಗೆ ಸರಿಯಾಗಿ ಕೆಲ್ಸಕ್ಕೆ ಹೊರಡಿಸಿದೋನು ನಾನು. ಇದೊಂದು ಕೋಳಿ ಏನು ಮಹಾ" ಎಂದರು. ಕೋಳಿ ಅವರನ್ನು ಒಂದೇ ಕಣ್ಣಿನಿಂದ ನೋಡಿ, ರೆಕ್ಕೆ ಉಬ್ಬಿಸಿಕೊಂಡು ಇನ್ನೂ ಗಟ್ಟಿಯಾಗಿ ಕೂತಿತು.

ಅವರ ಸಲಹೆಯಂತೆ ಏನೆಲ್ಲ ಮಾಡಿ ನೋಡಿದೆವು. ಗೋಣಿಚೀಲದ ಸಮೇತ ಹೇಂಟೆಯನ್ನು ಎತ್ತಿ ಬುಟ್ಟಿಗೆ ಸಾಗಿಸಿದೆವು. ನಾವು ತಿರುಗುವಷ್ಟರಲ್ಲಿ ಅದು ಬರೀ ತಗಡಿನ ಮೇಲೆ ಹೋಗಿ ಕೂತಿತ್ತು. ಮಂಕರಿ ಮುಚ್ಚಿ ನೋಡಿದೆವು, ತೆಗೆಯುವವರೆಗೂ ಇಡದೆ, ತೆಗೆದ ಕೂಡಲೇ ಆಟೋ ಹತ್ತಿತು. ನಂಬಿಕೆ ಬರಲೆಂದು ಬುಟ್ಟಿಯಲ್ಲಿ ಒಂದು ಮೊಟ್ಟೆ ಇಟ್ಟು ನೋಡಿದೆವು. ನಮ್ಮ ಹಳೇ ಕಪ್ಪು ಕೋಳಿ ಬಂದು ಅದರ ಮೇಲೆ ಕೂತು ಬುಟ್ಟಿಯನ್ನು ತನ್ನದು ಮಾಡಿಕೊಂಡಿತು. ಆಟೋವನ್ನು ಮೊದಲೇ ರಸ್ತೆಯಲ್ಲಿ ನಿಲ್ಲಿಸಿದರೆ, ಹೇಂಟೆ ಗದ್ದೆಯ ಬದುವಿನ ಮೇಲೆ ಕೂಗಾಡುತ್ತ ಓಡಿಬಂದು ರಸ್ತೆಗೇ ನುಗ್ಗಿತು. ಲಾರಿಯೊಂದು ಬ್ರೇಕ್ ಹಾಕಿದ ಸದ್ದು ಕೇಳಿದ ಮೇಲೆ ಅತ್ತೆ ತೀರ್ಪು ಕೊಟ್ಟರು: "ಇನ್ಮೇಲೆ ಯಾರೂ ಅದರ ತಂಟೆಗೆ ಹೋಗ್ಕೂಡ್ದು. ಕೋಳಿ ಇಳಿಯೋವರ್ಗೂ ಆಟೋ ಹೊರಡಲ್ಲ, ಅಷ್ಟೆ."

ಹೀಗೆ ನಮ್ಮ ಅಂಗಳವೇ ಆಟೋ ಸ್ಟ್ಯಾಂಡ್ ಆಯಿತು. ಮೇಡಂ ಮತ್ತು ರೈಟರ್ ಬೆಳಿಗ್ಗೆ ಬಂದು ಜಗಲಿಯ ಮೇಲೆ ಕೂರುತ್ತಿದ್ದರು. ನಾನು ದೊಡ್ಡ ಹೊಟ್ಟೆ ಹೊತ್ತುಕೊಂಡು ಕಾಫಿ ಮಾಡಿ ಕೊಡುತ್ತಿದ್ದೆ. ಮೇಡಂ ನನ್ನ ಹೊಲಿಗೆ ಮಿಷನ್ನಿನ ಹತ್ತಿರ ಕೂತು ಗುಂಡಿ ಹಾಕಿಕೊಡುತ್ತಿದ್ದರು. ರೈಟರ್ ದಿನಾ ಭವಿಷ್ಯ ಹೇಳುತ್ತಿದ್ದರು: "ಇನ್ನೇನು, ಈ ಲೋಟ ಖಾಲಿ ಆಗೋದ್ರೊಳಗೆ ಇಡ್ತದೆ." ಲೋಟ ಖಾಲಿಯಾಗುತ್ತಿತ್ತು. ಎರಡನೇ ಲೋಟವೂ ಖಾಲಿಯಾಗುತ್ತಿತ್ತು. ಅವರು ಬೇಕೆಂದೇ ತಪ್ಪು ಹೇಳುತ್ತಾರೆಂದು ನನಗೆ ಅನುಮಾನ.

ಕಷ್ಟ ಇದ್ದದ್ದು ಮೇಡಂಗೆ. ಆಫೀಸಿನಲ್ಲಿ ಸಾಹೇಬರು, "ಯಾಕ್ರೀ ದಿನಾ ಲೇಟು?" ಎಂದು ಕೇಳಿದಾಗ ಸುಳ್ಳು ಹೇಳಲು ಬಾರದ ಆ ಪುಣ್ಯಾತ್ಗಿತ್ತಿ, "ಕೋಳಿ ಇನ್ನೂ ಮೊಟ್ಟೆ ಇಟ್ಟಿರ್ಲಿಲ್ಲ ಸರ್" ಎಂದುಬಿಟ್ಟರಂತೆ. ತಮಾಷೆ ಮಾಡುತ್ತಿದ್ದಾಳೆಂದು ಸಾಹೇಬರು ಕೆಂಡವಾದರಂತೆ. ಮರುದಿನ ಮೇಡಂ ನಮ್ಮ ಅಂಗಳದಿಂದಲೇ ವಿಡಿಯೋ ಕಾಲ್ ಮಾಡಿ ಫೋನನ್ನು ಆಟೋದ ಹಿಂದೆ ಹಿಡಿದರು. ಕೋಳಿ, ಸೊಂಟಕ್ಕೆ ಕೈಯಿಟ್ಟು ನಿಂತ ಅತ್ತೆ, ಜಗಲಿಯ ಮೇಲಿನ ರೈಟರ್, ಬಾಗಿಲಲ್ಲಿ ನಾನು, ಎಲ್ಲರೂ ಅದರಲ್ಲಿ ಬಂದೆವು. ಸಾಹೇಬರು ಕನ್ನಡಕ ಸರಿಮಾಡಿಕೊಂಡು ಫೋನಿನ ಹತ್ತಿರ ಬಗ್ಗಿದರು. ಆಮೇಲೆ ದನಿ ತಗ್ಗಿಸಿ ಕೇಳಿದರು: "ನಾಟಿನೇನ್ರೀ?"

ಒಂದು ದಿನ ಮೊಟ್ಟೆ ಬೀಳುವಷ್ಟರಲ್ಲಿ ಬಿಸಿಲು ನೆತ್ತಿಗೇರಿತ್ತು. ಅದರ ಮರುದಿನ ಅತ್ತೆ ಮುಟ್ಟಿ ನೋಡಿ, "ಐತೆ" ಎಂದರು. ಎಲ್ಲರೂ ಕಾದೆವು. ಹೇಂಟೆ ಆಟೋ ಕಡೆ ತಲೆಯೂ ಹಾಕದೆ ತಿಪ್ಪೆ ಕೆದರಿಕೊಂಡು ಆರಾಮಾಗಿತ್ತು. ಮೇಡಂ ಬಸ್ಸಿಗೆ ಓಡಿದರು. ಗಾಡಿ ತೆಗೆಯಲು ಹೋದ ನಮ್ಮನೆಯವರನ್ನು ಅತ್ತೆ, "ಐತೆ ಅಂದ್ನಲ್ಲ!" ಎಂದು ತಡೆದರು. ರೈಟರ್ ಮುದ್ದೆ ಊಟ ಮಾಡಿ, ಜಗಲಿಯಲ್ಲೇ ಒಂದು ನಿದ್ದೆ ತೆಗೆದು, ಪಟ್ಟಣದ ವಿಚಾರ ಬಿಟ್ಟು ಮನೆಗೆ ಹೋದರು. ಮೊಟ್ಟೆ ಬರಲೇ ಇಲ್ಲ. ಮಾರನೇ ದಿನ ನೋಡಿದರೆ, ನಾವು ಏಳುವ ಹೊತ್ತಿಗಾಗಲೇ ಇಟ್ಟು ಇಳಿದುಬಿಟ್ಟಿತ್ತು.

ನಾನು ಅಮ್ಮನಿಗೆ ಫೋನ್ ಮಾಡಿದೆ. "ಅಯ್ಯೋ, ಅದೇನು ಹೊಸ್ದಾ?" ಎಂದಳು ಅಮ್ಮ. "ದಿನಾ ಸ್ವಲ್ಪ ಸ್ವಲ್ಪ ತಡ ಮಾಡ್ಕೊಂಡು ಹೋಗ್ತದೆ. ತೀರಾ ಹೊತ್ತಾಯ್ತು ಅಂದ್ರೆ ಒಂದಿನ ರಜಾ ಹಾಕಿ, ಮತ್ತೆ ಬೆಳಿಗ್ಗೆಯಿಂದ ಶುರು ಮಾಡ್ತದೆ. ನಿಮ್ಮತ್ತೆಗೆ ಗೊತ್ತಿಲ್ವಾ?"

ಸ್ಪೀಕರ್ ಹಾಕಿದ್ದು ನನ್ನ ಬುದ್ಧಿಗೇಡಿತನ. ಅಕ್ಕಿ ಆರಿಸುತ್ತಿದ್ದ ಅತ್ತೆ ಮೊರ ಕೆಳಗಿಟ್ಟರು. "ಬೀಗ್ತಮ್ಮ, ನಮ್ ಕೋಳಿಗಳು ಹಂಗೆ ರಜಾ ಗಿಜಾ ಹಾಕಲ್ಲ. ಸೂರ್ಯನ್ನ ನೋಡಿ ಇಡ್ತವೆ. ಬೆಳಕು ಚೆನ್ನಾಗಿದ್ರೆ ಇಡ್ತವೆ, ಮೋಡ ಕವಿದ್ರೆ ಇಲ್ಲ. ರಜಾ ಹಾಕೋದು ನಿಮ್ ಕಡೆ ಕೋಳಿ ಇರ್ಬೇಕು."

"ನಮ್ ಕೋಳಿ ಚೆನ್ನಾಗೇ ಇತ್ತು ಬೀಗ್ತಮ್ಮ. ಅಲ್ಲಿಗೆ ಬಂದ್ಮೇಲೆ ಕೆಟ್ಟಿರ್ಬೇಕು."

ನಾನು ಮೊಬೈಲಿನಲ್ಲಿ ಹುಡುಕಿ ನೋಡಿದೆ. ಒಂದು ಮೊಟ್ಟೆ ಸಿದ್ಧವಾಗಲು ಒಂದು ದಿನಕ್ಕಿಂತ ತುಸು ಹೆಚ್ಚೇ ಬೇಕು, ಅದಕ್ಕೇ ದಿನದಿನವೂ ತಡವಾಗುತ್ತದೆ. ಬೆಳಕಿನ ಲೆಕ್ಕಾಚಾರವೂ ಅದರ ಮೈಯೊಳಗಿರುತ್ತದೆ ಎಂದಿತ್ತು. ಇಬ್ಬರು ಹೇಳಿದ್ದೂ ಸರಿ ಎಂದು ಓದಿ ಹೇಳಿದೆ. ಇಬ್ಬರಿಗೂ ಸಮಾಧಾನವಾಗಲಿಲ್ಲ.

ಈ ನಡುವೆ ಡಾಕ್ಟರಮ್ಮ ನನಗೆ ಕೊಟ್ಟಿದ್ದ ದಿನ ಬಂದು ಹೋಗಿತ್ತು. ಹೊಟ್ಟೆಯೊಳಗಿದ್ದವರಿಗೆ ಹೊರಗೆ ಬರುವ ಯೋಚನೆಯೇ ಇದ್ದಂತಿರಲಿಲ್ಲ. ಕೋಳಿಗೆ ಕಾಯಲು ಬಂದವರು ನನ್ನನ್ನೂ ವಿಚಾರಿಸತೊಡಗಿದರು. "ಅದರದ್ದು ಇವತ್ತಾಗ್ತದೆ. ನಿಂದು ಯಾವಾಗಮ್ಮ?" ಎಂದು ರೈಟರ್ ಕೇಳಿದಾಗ ನಗು ಬಂದರೂ, ಒಳಗೆ ಹೋದ ಮೇಲೆ ಹೆದರಿಕೆಯಾಗುತ್ತಿತ್ತು. ಅಮ್ಮ ಹತ್ತಿರವಿಲ್ಲ. ಅತ್ತೆಯ ಹತ್ತಿರ ಭಯ ಹೇಳಿಕೊಳ್ಳುವಷ್ಟು ಸಲಿಗೆ ಇನ್ನೂ ಬಂದಿರಲಿಲ್ಲ. ನಮ್ಮನೆಯವರು ಮಾತ್ರ ದಿನಕ್ಕೊಂದು ಸಲ ಅವರವ್ವನಿಗೆ ಎಚ್ಚರಿಕೆ ಕೊಡುತ್ತಿದ್ದರು: "ನೋಡವ್ವಾ, ಇವಳಿಗೆ ನೋವು ಶುರುವಾದ ದಿನ ಕೋಳಿ ಗೀಳಿ ಅಂತ ಕೂರೋಕಾಗಲ್ಲ. ಎತ್ತಿ ಎಸ್ದು ಹೊರಟುಬಿಡ್ತೀನಿ."

"ಅವತ್ತಿಂದು ಅವತ್ತಿಗೆ" ಎನ್ನುತ್ತಿದ್ದರು ಅತ್ತೆ.

ಅವತ್ತು ಬಂದೇ ಬಂತು. ನಾನು ಮಿಷನ್ ತುಳಿಯುತ್ತಿದ್ದೆ. ಸೊಂಟದಿಂದ ಹೊಟ್ಟೆಗೆ ಯಾರೋ ಹಗ್ಗ ಕಟ್ಟಿ ಜಗ್ಗಿದಂತಾಯಿತು. ಬಿಟ್ಟಿತು, ಮತ್ತೆ ಜಗ್ಗಿತು. "ಅತ್ತೆ" ಎಂದೆ, ಅಷ್ಟೆ. ಅಂಗಳದಲ್ಲಿದ್ದ ಎಲ್ಲರೂ ಎದ್ದು ನಿಂತರು. ರೈಟರ್ ಕೈಯಲ್ಲಿದ್ದ ಕಾಫಿ ಚೆಲ್ಲಿತು. ನಮ್ಮನೆಯವರು ಆಟೋದತ್ತ ಓಡಿದರು. ಹಿಂದೆ, ಆಗತಾನೇ ಬಂದು ಕೂತಿದ್ದ ಹೇಂಟೆ.

ಅವರು ಅದನ್ನು ಎತ್ತಲು ಕೈ ಹಾಕಿ, ಯಾಕೋ ಅಭ್ಯಾಸಬಲದಿಂದ ತಿರುಗಿ ಅವ್ವನ ಮುಖ ನೋಡಿದರು. ನಾವೆಲ್ಲರೂ ಅತ್ತೆಯನ್ನೇ ನೋಡಿದೆವು.

"ನಿಂತ್ಕೊಂಡು ಏನ್ ನೋಡ್ತೀಯೋ? ಅದರ ಹಿಂದೆ ಓಡಾಡ್ಕೊಂಡು ಹೊತ್ತು ಕಳೀಬ್ಯಾಡ. ಅದೂ ಬರ್ಲಿ, ಹೊರಡು!"

ನಾನು, ಒಂದು ಪಕ್ಕ ಅತ್ತೆ, ಇನ್ನೊಂದು ಪಕ್ಕ ಮೇಡಂ. ಹೇಗೂ ಅವರು ಆಫೀಸಿಗೆ ಹೋಗಬೇಕಿತ್ತು. ರೈಟರ್ ಮುಂದೆ ಡ್ರೈವರ್ ಸೀಟಿನ ಅಂಚಿಗೆ ಹತ್ತಿ ಕೂತರು.

"ನೀವ್ಯಾಕೆ ಸಾರ್ ಈಗ?" ಎಂದರು ನಮ್ಮನೆಯವರು.

"ಹೆಂಗಸರ ಜೊತೆ ಒಬ್ಬ ಗಂಡಸು ಬ್ಯಾಡ್ವೇನಯ್ಯ?"

"ನಾನೇನು ಮತ್ತೆ?"

"ನೀನು ಡ್ರೈವರ್ ಮಾರಾಯ. ಮುಂದೆ ನೋಡ್ಕೊಂಡು ಓಡ್ಸು."

ರಸ್ತೆಯ ಎರಡೂ ಕಡೆ, ಎರಡನೇ ಮಳೆಗೆ ಅರಳಿದ ಕಾಫಿ ಹೂವಿನ ವಾಸನೆ ತಲೆ ಸುತ್ತುವಷ್ಟಿತ್ತು. ಪ್ರತಿ ತಿರುವಿನಲ್ಲೂ ಪ್ರತಿ ಗುಂಡಿಯಲ್ಲೂ ಅತ್ತೆ, "ನಿಧಾನ ಕಣೋ, ನಿಧಾನ!" ಎಂದು ಕೂಗುತ್ತಿದ್ದರು. ಇಷ್ಟು ಕಾಳಜಿ ಇದೆಯಲ್ಲ ಎಂದು ನನಗೆ ಕಣ್ಣು ತುಂಬಿತು. ತಿರುಗಿ ನೋಡಿದರೆ, ಅವರ ಒಂದು ಕೈ ನನ್ನ ಬೆನ್ನ ಮೇಲೆ, ಇನ್ನೊಂದು ಕೈ ಸೀಟಿನ ಹಿಂದೆ ಕೋಳಿಯ ಬೆನ್ನ ಮೇಲೆ.

"ನಿಧಾನ ಅಂತಿರೋದು ಯಾರಿಗೆ ಅತ್ತೆ?" ಎಂದು ಹಲ್ಲು ಕಚ್ಚಿಕೊಂಡೇ ಕೇಳಿದೆ.

"ಇಬ್ರಿಗೂ" ಎಂದರು ಅತ್ತೆ, ಸ್ವಲ್ಪವೂ ಸಂಕೋಚವಿಲ್ಲದೆ.

ಸಕಲೇಶಪುರದ ಹೇಮಾವತಿ ಸೇತುವೆಯ ಹತ್ತಿರ ವಾಹನಗಳು ಸಾಲುಗಟ್ಟಿ ನಿಂತಿದ್ದವು. ನಾವೂ ನಿಲ್ಲಲೇಬೇಕಾಯಿತು. ಆಗಲೇ ನನ್ನ ಕಿವಿಯ ಹಿಂದೆ ಕೊಕ್ಕೊಕ್ಕೊಕ್ಕೋ ಎಂದು ಊರಿಗೆಲ್ಲ ಕೇಳುವಂಥ ಕೂಗು. ಕೂಗಿನ ಮೇಲೆ ಕೂಗು. ಪಕ್ಕದ ಬಸ್ಸಿನವರೆಲ್ಲ ಕಿಟಕಿಯಿಂದ ಇಣುಕಿದರು. ನನಗೆ ನೋವಿನ ನಡುವೆಯೇ ನಗು ಹತ್ತಿತು. ನಕ್ಕರೆ ನೋವು, ನೋವಾದರೆ ಕಣ್ಣೀರು, ಕಣ್ಣೀರಿನ ಜೊತೆ ಮತ್ತೆ ನಗು. ಮೇಡಂ ನನ್ನ ಹೊಟ್ಟೆ ಹಿಡಿದುಕೊಂಡು ತಾವೂ ನಗುತ್ತಿದ್ದರು. ಪೊಲೀಸಿನವರೊಬ್ಬರು ಬಂದು ಆಟೋದೊಳಗೆ ಬಗ್ಗಿ ನೋಡಿದರು.

"ಏನ್ರೀ ಇದೆಲ್ಲ?"

ಅತ್ತೆ ಸೀಟಿನ ಹಿಂದಕ್ಕೆ ಕೈ ಹಾಕಿ ಮೊಟ್ಟೆ ತೆಗೆದು ತೋರಿಸಿದರು. "ಒಂದಾಯ್ತು ಸ್ವಾಮಿ. ಇನ್ನೊಂದು ಬಾಕಿ ಐತೆ. ಸ್ವಲ್ಪ ದಾರಿ ಬಿಡ್ಸಿ."

ಆ ಪುಣ್ಯಾತ್ಮ ಸೀಟಿ ಊದುತ್ತ ಮುಂದೆ ಮುಂದೆ ಓಡಿ ದಾರಿ ಬಿಡಿಸಿಕೊಟ್ಟರು.

ಇಷ್ಟೆಲ್ಲ ಮೆರವಣಿಗೆಯಲ್ಲಿ ಹೋದರೆ, ಆಸ್ಪತ್ರೆಯಲ್ಲಿ ನರ್ಸು ಪರೀಕ್ಷೆ ಮಾಡಿ, "ಇದು ಸುಳ್ಳು ನೋವು. ಇನ್ನೂ ಟೈಮ್ ಐತೆ. ಮನೆಗೆ ಹೋಗಿ, ಚೆನ್ನಾಗಿ ನಿದ್ದೆ ಮಾಡಿ" ಎಂದರು. ಅಷ್ಟು ಹೊತ್ತಿಗೆ ನೋವೂ ನಿಂತುಹೋಗಿತ್ತು. ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಒಂದು ಊರನ್ನೇ ಎಬ್ಬಿಸಿಕೊಂಡು ಬಂದು, ಕೋಳಿ ತನ್ನ ಕೆಲಸ ಮುಗಿಸಿದೆ, ನಾನು ಬರಿಗೈಯಲ್ಲಿ ವಾಪಸ್. ಆಸ್ಪತ್ರೆಯ ವರಾಂಡದ ಬೆಂಚಿನ ಮೇಲೆ ಕೂತು ಅತ್ತುಬಿಟ್ಟೆ.

ಅತ್ತೆ ಪಕ್ಕದಲ್ಲಿ ಬಂದು ಕೂತರು. ಮೊಟ್ಟೆಯನ್ನು ಸೆರಗಿನಲ್ಲಿ ಸುತ್ತಿ ಇಟ್ಟುಕೊಂಡಿದ್ದರು.

"ಇವನು ಹುಟ್ಟೋವಾಗ ನಾನು ಎರಡು ಸಲ ಬಂದು ವಾಪಸ್ ಹೋಗಿದ್ದೆ" ಎಂದರು, ಹೊರಗೆ ನಿಂತಿದ್ದ ಮಗನ ಕಡೆ ಗಲ್ಲ ತೋರಿಸಿ. "ಎಸ್ಟೇಟ್ ಜೀಪಲ್ಲಿ. ಎರಡನೇ ಸಲ ವಾಪಸ್ ಹೋಗೋವಾಗ ಡ್ರೈವರ್ರು, ನಿಮ್ ಮಾವ ಇಬ್ರೂ ನಗ್ತಾ ಇದ್ರು. ನಾಚಿಕೆ ಆಗಿ ಮೂರನೇ ಸಲ ನೋವು ಬಂದಾಗ ಬಾಯೇ ಬಿಡ್ಲಿಲ್ಲ. ಕೊನೆಗೆ ಜೀಪಲ್ಲೇ ಆಗೋದು, ಸ್ವಲ್ಪದರಲ್ಲಿ ತಪ್ತು. ನೀನು ಹಂಗ್ ಮಾಡ್ಬ್ಯಾಡ. ಹತ್ತು ಸಲ ಬೇಕಾದ್ರೂ ಬರೋಣ. ಯಾವನು ನಗ್ತಾನೋ ನಾನ್ ನೋಡ್ತೀನಿ."

ನಾನು ಅವರ ಭುಜಕ್ಕೆ ಒರಗಿದೆ. ಮದುವೆಯಾಗಿ ಬಂದ ಮೇಲೆ ಅದೇ ಮೊದಲು.

ಹೊರಗೆ ಬಂದರೆ ಇನ್ನೊಂದು ಗಲಾಟೆ. ಹೇಂಟೆ ಆಟೋದಿಂದ ಇಳಿದು ಆಸ್ಪತ್ರೆಯ ಅಂಗಳದಲ್ಲಿ ವಿಹಾರ ಹೊರಟಿತ್ತಂತೆ. ಅಲ್ಲಿದ್ದ ಆಟೋದವರೆಲ್ಲ ಸೇರಿ ಹಿಡಿಯಲು ಹೋದರೂ ಯಾರ ಕೈಗೂ ಸಿಗದ ಅದು, ಕೊನೆಗೆ ರೈಟರ್ ಕಾಲ ಬುಡದಲ್ಲಿ ಬಂದು ತಾನಾಗಿ ಕೂತಿತಂತೆ. ಇಸ್ತ್ರಿ ಶರ್ಟಿನ ಮೇಲೆಲ್ಲ ಪುಕ್ಕ ಮೆತ್ತಿಕೊಂಡು, ಕೋಳಿಯನ್ನು ಕಂಕುಳಲ್ಲಿ ಇಟ್ಟುಕೊಂಡು ಅವರು ನಿಂತಿದ್ದರು. "ಶಿಸ್ತು ಬಂದೈತೆ ಈಗ" ಎಂದರು. ಮೊಟ್ಟೆಯನ್ನು ಅತ್ತೆ ಮೇಡಂ ಕೈಗೆ ಕೊಟ್ಟು, "ನಿಮ್ ಸಾಹೇಬರಿಗೆ ಕೊಡಿ. ಇವತ್ತಿನ ಲೇಟಿಗೆ" ಎಂದರು.

ನಿಜವಾದ ನೋವು ಬಂದದ್ದು ಕೆಲವು ದಿನ ಬಿಟ್ಟು, ಒಂದು ಮಧ್ಯಾಹ್ನ. ಅಂಗಳದಲ್ಲಿ ಒಂದು ನರಪಿಳ್ಳೆಯೂ ಇರಲಿಲ್ಲ. ನಮ್ಮನೆಯವರು ಬಾಡಿಗೆಗೆ ಪಟ್ಟಣಕ್ಕೆ ಹೋಗಿದ್ದರು, ಫೋನ್ ಹತ್ತಲಿಲ್ಲ. ಅತ್ತೆ ಎರಡನೇ ಸಲ ಪ್ರಯತ್ನಿಸಲಿಲ್ಲ. ನನ್ನ ಕೈ ಹಿಡಿದು ರಸ್ತೆಗೆ ನಡೆಸಿಕೊಂಡು ಹೋಗಿ, ಸಕಲೇಶಪುರದ ಬಸ್ಸು ಬರುತ್ತಿದ್ದಂತೆ ನಡುರಸ್ತೆಯಲ್ಲಿ ಎರಡೂ ಕೈ ಚಾಚಿ ನಿಂತುಬಿಟ್ಟರು. ಬಸ್ಸಿನವರು ಉದ್ದ ಸೀಟು ಖಾಲಿ ಮಾಡಿಸಿ ಮಲಗಿಸಿದರು. ನಡುವೆ ಎಲ್ಲೂ ನಿಲ್ಲಿಸದೆ ಆಸ್ಪತ್ರೆಯ ಗೇಟಿನವರೆಗೂ ತಂದು ಬಿಟ್ಟರು. ಒಳಗೆ ಹೋದ ಸ್ವಲ್ಪ ಹೊತ್ತಿಗೇ ಮಗಳು ಹುಟ್ಟಿದಳು. ಅವಳು ಅತ್ತ ದನಿ ಕೇಳಿ, ಹಿಂದಿನ ಸಲದ ಅದೇ ನರ್ಸು, "ಈ ಸಲ ಕೋಳಿ ಬಂದಿಲ್ವಾ?" ಎಂದರು.

ನಮ್ಮನೆಯವರು ಆ ಹೊತ್ತಿನಲ್ಲಿ ಎಲ್ಲಿದ್ದರು? ಅದೇ ಪಟ್ಟಣದ ಸ್ಟ್ಯಾಂಡಿನಲ್ಲಿ, ಚಾರ್ಜು ಮುಗಿದ ಫೋನು ಜೇಬಿನಲ್ಲಿಟ್ಟುಕೊಂಡು, ಆಟೋದಲ್ಲಿ ಕಾಲು ಚಾಚಿ ಮಲಗಿದ್ದರು. ಯಾರೋ ಎಬ್ಬಿಸಿ ಸುದ್ದಿ ಹೇಳಿದಾಗ ಓಡಿಬಂದು, ಮಗಳನ್ನು ನೋಡಿ, ಕಣ್ಣೊರೆಸಿಕೊಂಡು, "ಇಷ್ಟು ದಿನ ಗಾಡಿ ರೆಡಿ ಇಟ್ಕೊಂಡು ಕಾದಿದ್ದು ನಾನು. ಕೊನೆಗೆ ಬಸ್ಸಿಗೆ ಬಂದ್ರಾ?" ಎಂದರು.

ನಾವು ಆಸ್ಪತ್ರೆಯಲ್ಲಿದ್ದಾಗಲೇ ಹೇಂಟೆ ಆಟೋದಲ್ಲಿ ಕಾವಿಗೆ ಕೂತಿತು. ಕೆಳಗೆ ಒಂದು ಮೊಟ್ಟೆಯೂ ಇಲ್ಲದಿದ್ದರೂ ಅಲುಗಾಡಲಿಲ್ಲ. ಕೈ ಹಾಕಿದವರಿಗೆ ಕುಕ್ಕಿತು. ಅತ್ತೆ ಫೋನಿನಲ್ಲೇ ಮಗನಿಗೆ ಹೇಳಿಕೊಟ್ಟರು: ಮುಸ್ಸಂಜೆ ಕತ್ತಲಲ್ಲಿ ಮೆಲ್ಲಗೆ ಎತ್ತು, ಅಡುಗೆಮನೆ ಮೂಲೆಯ ಬುಟ್ಟಿಯಲ್ಲಿ ಮೊಟ್ಟೆ ಜೋಡಿಸಿ ಅದರ ಮೇಲೆ ಕೂರ್ಸು, ಬಾಗಿಲು ಹಾಕು. ಈ ಸಲ ಅದು ಬುಟ್ಟಿಯನ್ನು ಒಪ್ಪಿಕೊಂಡಿತು. ಆಟೋ ಬಿಡುಗಡೆಯಾಯಿತು. ನಾವು ಮನೆಗೆ ಬಂದದ್ದು ಅದರಲ್ಲೇ.

ಪ್ಲಾಸ್ಟರ್ ಬಿಚ್ಚಿಸಿಕೊಂಡ ಮರುದಿನವೇ ಅಮ್ಮ ಆಲೂರಿನಿಂದ ಬಂದಳು. ಮೊಮ್ಮಗಳನ್ನು ತೊಡೆಯ ಮೇಲೆ ಹಾಕಿಕೊಂಡು ಕೂತವಳು, "ಹಾಲು ಯಾವಾಗ ಯಾವಾಗ ಕೊಡ್ತೀಯೆ?" ಎಂದಳು.

"ನರ್ಸಮ್ಮ ಹೊತ್ತು ಹೇಳಿ ಕಳ್ಸವ್ಳೆ. ಆ ಹೊತ್ತಿಗೆ ಸರಿಯಾಗಿ ಎಬ್ಬಿಸಿ ಕೊಡ್ಬೇಕು" ಎಂದರು ಅತ್ತೆ ನನಗಿಂತ ಮೊದಲು.

"ಮಲ್ಗಿರೋ ಕೂಸನ್ನ ಎಬ್ಬಿಸೋದಾ? ಹಸಿವಾದ್ರೆ ಅದೇ ಅಳ್ತದೆ ಬೀಗ್ತಮ್ಮ. ಆಗ ಕೊಟ್ರಾಯ್ತು."

"ನಿಮ್ ಕಡೆ ಹಂಗಿರ್ಬೋದು."

"ನಮ್ ಕಡೆ ಕೂಸುಗಳೆಲ್ಲ ಚೆನ್ನಾಗೇ ಬೆಳೆದವೆ. ಇವಳನ್ನೇ ನೋಡಿ."

ಇಬ್ಬರೂ ತಿರುಗಿ ನನ್ನ ತೀರ್ಪಿಗಾಗಿ ನೋಡಿದರು. ನಾನು ಮೊಬೈಲಿಗೆ ಕೈ ಹಾಕಲಿಲ್ಲ. ಮಗಳು ಅಮ್ಮನ ತೊಡೆಯ ಮೇಲೆ ಬಾಯಿ ತೆರೆದುಕೊಂಡು ಗಾಢ ನಿದ್ದೆಯಲ್ಲಿದ್ದಳು. ನಾನೂ ಗೋಡೆಯ ಕಡೆ ಮಗ್ಗುಲಾಗಿ, ಕಂಬಳಿ ಎಳೆದುಕೊಂಡು ಕಣ್ಣು ಮುಚ್ಚಿದೆ.